ಉಚ್ಚ ವ್ಯಾಸಂಗದಲ್ಲಿ ಕಲಿಕೆಯೂ ಪರೀಕ್ಷೆಯೂ

(ಶ್ರೀಮಠದ ಸುವರ್ಣಮಹೋತ್ಸವದ ವಿದ್ವದ್ಗೋಷ್ಠಿಯಲ್ಲಿ ಮಾಡಿದ ಭಾಷಣ)

 

ಈ ಸುಸಮಯದಲ್ಲಿ ಸ್ನಾತಕೋತ್ತರ ವ್ಯಾಸಂಗವನ್ನು ಕುರಿತು ನಾಲ್ಕು ಮಾತುಗಳನ್ನು ಅರಿಕೆ ಮಾಡಿಕೊಳ್ಳಬೇಕೆಂದು ನನಗೆ ಅಪ್ಪಣೆಯಾಗಿದೆ. ನಾನು ಪಾಠಶಾಲೆಯಲ್ಲಿ ಓದಿದವನು. ಆದರೂ ಶ್ರೀಮಠದ ಪ್ರಸಾದನಿಲಯದಲ್ಲಿದ್ದು ಎಂ. ಎ., ಎಂ. ಎಸ್‌ಸಿ. ತರಗತಿಗಳಿಗೆ ಹೋಗುವ ಮಕ್ಕಳು ಸಂದೇಹಗಳನ್ನು ಕೇಳಲು ನನ್ನ ಬಳಿಗೆ ಬರುತ್ತಿರುವದರಿಂದ ಈ ವಿಷಯವನ್ನು ಕುರಿತು ಆಲೋಚಿಸುವ ಪ್ರಸಂಗವು ಒದಗಿದೆ. ಒಂದು ಗ್ರಂಥವನ್ನು ತೋರಿಸಿದರೆ ಸಾಕು, "ಶಾಸ್ತ್ರಿಗಳೇ, ಇದು ಪರೀಕ್ಷೆಗೆ ಬರುವದುಂಟೇ?" ಎಂದು ಕೇಳುವರು. ಇದಕ್ಕಾಗಿ ಮಕ್ಕಳನ್ನು ದೂಷಿಸಲಾಗದು. ಪರೀಕ್ಷೆಯು ಯಾವುದನ್ನು ಬೇಡುವದೋ ವಿದ್ಯಾರ್ಥಿಯು ಅದನ್ನೇ ಕಲಿಯುವನು. ಆದುದರಿಂದ ಕಲಿಕೆಯನ್ನು ತಿದ್ದಬೇಕೆನ್ನುವವರು ಪರೀಕ್ಷೆಯನ್ನು ಮೊದಲು ತಿದ್ದಬೇಕು. ಇಷ್ಟೇ ನನ್ನ ನಿವೇದನೆಯ ಸಾರ.

ಈ ಸ್ಥಿತಿಯು ಹೇಗೆ ಬಂದಿತೆಂಬದನ್ನು ತಿಳಿಯಲು ನಮ್ಮ ವಿಶ್ವವಿದ್ಯಾಲಯಗಳ ಹುಟ್ಟನ್ನು ನೋಡಬೇಕು. 1857ರಲ್ಲಿ ಕಲಕತ್ತೆ, ಮುಂಬಯಿ, ಮದ್ರಾಸುಗಳಲ್ಲಿ ಸ್ಥಾಪಿತವಾದ ಮೂರು ವಿಶ್ವವಿದ್ಯಾಲಯಗಳಿಗೂ ಆ ಕಾಲದ ಲಂಡನ್ ವಿಶ್ವವಿದ್ಯಾಲಯವೇ ಮಾದರಿ. ಪಾಠ ಹೇಳುವ ಕೆಲಸವು ಕಾಲೇಜುಗಳದು. ಪರೀಕ್ಷೆ ಮಾಡಿ ಪದವಿ ಕೊಡುವ ಕೆಲಸವು ವಿಶ್ವವಿದ್ಯಾಲಯದ್ದು. ಅವು ತಾವೇ ಪಾಠ ಹೇಳುವದಕ್ಕೂ ಸಂಶೋಧನೆ ನಡೆಯಿಸುವದಕ್ಕೂ 1904ರ ಕಾಯಿದೆಯು ದಾರಿ ಮಾಡಿಕೊಟ್ಟಿತು. ಹೀಗೆ ಅರ್ಧ ಶತಮಾನದ ವರೆಗೆ ಪರೀಕ್ಷೆಯೇ ವಿಶ್ವವಿದ್ಯಾಲಯದ ಮುಖವಾಗಿದ್ದಿತು. 1948–49ರಲ್ಲಿ ಡಾ. ರಾಧಾಕೃಷ್ಣನ್ನರ ಅಧ್ಯಕ್ಷತೆಯ ಆಯೋಗವು, ಒಂದೇ ಒಂದು ಸುಧಾರಣೆಯನ್ನು ಸೂಚಿಸಬೇಕಾದರೆ ಅದು ಪರೀಕ್ಷೆಯದೇ ಆಗಿರಬೇಕೆಂದು ಅಭಿಪ್ರಾಯಪಟ್ಟಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ವರ್ಷಾಂತ್ಯದ ಒಂದೇ ಪರೀಕ್ಷೆಯ ಭಾರವನ್ನು ಕಡಿಮೆ ಮಾಡಿ ನಿರಂತರವಾದ ಮೌಲ್ಯಮಾಪನಕ್ಕೆ ಹೋಗಬೇಕೆಂದು ಹೇಳಿದೆ. ಎಪ್ಪತ್ತು ವರ್ಷಗಳ ಅಂತರದಲ್ಲಿ ಅದೇ ಮಾತನ್ನು ಮತ್ತೆ ಹೇಳಬೇಕಾಯಿತೆಂದರೆ ರೋಗವು ಎಷ್ಟು ಆಳವಾದದ್ದೆಂಬದನ್ನು ತಾವೇ ಊಹಿಸಬಹುದು.

ಇನ್ನು ಕಲಿಕೆಯ ಸ್ವರೂಪವನ್ನು ಕುರಿತು ಈಚಿನ ವಿದ್ವಾಂಸರು ಕಂಡುಕೊಂಡುದನ್ನು ನೋಡೋಣ. ಸ್ವೀಡನ್ ದೇಶದ ಗೋಥೆನ್‌ಬರ್ಗ್ ವಿಶ್ವವಿದ್ಯಾಲಯದ ಫೆರೆನ್ಸ್ ಮಾರ್ಟನ್ ಮತ್ತು ರೋಜರ್ ಸೆಲ್ಯೊ ಎಂಬವರು 1976ರಲ್ಲಿ ತಮ್ಮ ಶೋಧನೆಗಳನ್ನು ಪ್ರಕಟಿಸಿದರು. ಅವರು ವಿದ್ಯಾರ್ಥಿಗಳಿಗೆ ಶಾಸ್ತ್ರೀಯ ಪ್ರಬಂಧವೊಂದನ್ನು ಓದಲು ಕೊಟ್ಟು, ತರುವಾಯ ಅದರ ತಾತ್ಪರ್ಯವನ್ನೂ ಓದಿದ ರೀತಿಯನ್ನೂ ಕೇಳಿದರು. ಕೆಲವರು ಶಬ್ದಗಳನ್ನು ನೆನಪಿನಲ್ಲಿ ಹಿಡಿದಿಡಲು ಹೆಣಗಿದ್ದರು. ಇನ್ನು ಕೆಲವರು ಲೇಖಕನು ಏನನ್ನು ಸಾಧಿಸಹೊರಟಿರುವನೆಂಬದನ್ನು ಹುಡುಕಿದ್ದರು. ಮೊದಲನೆಯದು ಮೇಲ್ಪದರದ ಓದು. ಎರಡನೆಯದು ಆಳವಾದ ಓದು. ಇವು ಹುಟ್ಟಿನಿಂದ ಬಂದ ಎರಡು ಬಗೆಯ ಬುದ್ಧಿಗಳೆಂದು ತಿಳಿಯಲಾಗದು. ಕೇಳಲ್ಪಡುವ ಪ್ರಶ್ನೆಯು ಎಂಥದೆಂದು ವಿದ್ಯಾರ್ಥಿಯು ನಿರೀಕ್ಷಿಸುವನೋ ಅದರಂತೆ ಅವನ ಓದು ಮಾರ್ಪಡುವದೆಂದು ಅವರ ಇನ್ನೊಂದು ಪ್ರಯೋಗದಿಂದ ತಿಳಿದುಬಂದಿತು. ಬಿಡಿವಿಷಯಗಳ ಪ್ರಶ್ನೆಗಳನ್ನು ಎದುರಿಸಿದವರು ಬಿಡಿವಿಷಯಗಳಿಗೇ ಅಂಟಿಕೊಂಡರು. ತಾತ್ಪರ್ಯವನ್ನು ಕೇಳಿಸಿಕೊಂಡವರಲ್ಲಿಯೂ ಕೆಲವರು ಆಳಕ್ಕೆ ಇಳಿಯದೆ, ಸಾರಾಂಶವನ್ನು ಒಪ್ಪಿಸುವಷ್ಟಕ್ಕೆ ಮಾತ್ರ ಸಿದ್ಧರಾದರು! ಆದುದರಿಂದ ಪ್ರಶ್ನಪತ್ರಿಕೆಯ ಮಾತನ್ನು ಬದಲಿಸಿದ ಮಾತ್ರಕ್ಕೆ ಕಾರ್ಯವು ಮುಗಿಯದು. ಉತ್ತರದ ಬೆನ್ನಿಗೆ ಮರುಪ್ರಶ್ನೆಯೂ ಬರಬೇಕು.

ಹಾಗಾದರೆ ಪರೀಕ್ಷೆಯನ್ನೇ ತೆಗೆದುಹಾಕಬೇಕೇ? ಕೂಡದು. ಅಮೇರಿಕೆಯ ಸೇಂಟ್ ಲೂಯಿ ನಗರದ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ರೋಡಿಗರ್ ಮತ್ತು ಕಾರ್ಪಿಕಿ ಎಂಬವರು 2006ರಲ್ಲಿ ಪ್ರಕಟಿಸಿದ ಪ್ರಯೋಗವನ್ನು ಕೇಳಿರಿ. ಒಂದು ಗದ್ಯಭಾಗವನ್ನು ಓದಿದ ತರುವಾಯ ಕೆಲವರು ಅದನ್ನೇ ಮತ್ತೆ ಓದಿದರು. ಕೆಲವರು ಪುಸ್ತಕವನ್ನು ಬದಿಗಿಟ್ಟು ನೆನಪಿಗೆ ಬಂದಷ್ಟನ್ನು ಬರೆದರು. ಐದು ನಿಮಿಷಗಳಾದ ಮೇಲೆ ಪರೀಕ್ಷಿಸಿದಾಗ ಮತ್ತೆ ಓದಿದವರೇ ಮುಂದಾಗಿದ್ದರು. ಆದರೆ ಎರಡು ದಿನಗಳಾದ ಮೇಲೆಯೂ ಒಂದು ವಾರವಾದ ಮೇಲೆಯೂ ಪರೀಕ್ಷಿಸಿದಾಗ, ಪುಸ್ತಕವಿಲ್ಲದೆ ನೆನೆದು ಬರೆದವರಲ್ಲಿಯೇ ವಿಷಯವು ಹೆಚ್ಚಾಗಿ ಉಳಿದಿದ್ದಿತು. ಪಾಠಶಾಲೆಯಲ್ಲಿ ನಿನ್ನೆಯ ಪಾಠವನ್ನು ಗುರುವಿನ ಮುಂದೆ ಒಪ್ಪಿಸದೆ ಇಂದಿನ ಪಾಠವನ್ನು ತೆಗೆಯಗೊಡದ ಪದ್ಧತಿಗೆ ಇದು ಒಳ್ಳೆಯ ಸಮರ್ಥನೆಯಾಗಿದೆ. ಆದರೆ ಇಷ್ಟರಿಂದಲೇ ಪಾಠಶಾಲೆಯವರು ಬೀಗಬಾರದು. ಒಪ್ಪಿಸುವಿಕೆಯು ಬರಿಯ ಕಂಠಪಾಠವಾದರೆ ಅದೂ ಮೇಲ್ಪದರದ ಕಲಿಕೆಯೇ. ನಮ್ಮ ಹಿರಿಯರು ಇದನ್ನರಿತೇ ವಾಕ್ಯಾರ್ಥದ ಪದ್ಧತಿಯನ್ನು ಇಟ್ಟುಕೊಂಡಿದ್ದರು. ಪೂರ್ವಪಕ್ಷವನ್ನು ಎತ್ತಿದವನಿಗೆ ಸಮಾಧಾನ ಹೇಳಲಾರದವನು ಸಿದ್ಧಾಂತವನ್ನು ಬಲ್ಲವನೆಂದು ಎನಿಸಿಕೊಳ್ಳುತ್ತಿರಲಿಲ್ಲ.

ಪರೀಕ್ಷೆಯ ಉದ್ದೇಶಗಳು ಎರಡು. ಇಳಕಲ್ಲಿನ ನೇಕಾರನು ಮಗ್ಗದ ಮುಂದೆ ಕುಳಿತಾಗ ಎಳೆ ಹರಿದರೆ ಅಲ್ಲಿಯೇ ಕೂಡಿಸಿ ಮುಂದೆ ನೇಯುವನು. ಅದೇ ಸೀರೆಯು ಅಂಗಡಿಗೆ ಬಂದ ಮೇಲೆ ವ್ಯಾಪಾರಿಯು ಕುಂದನ್ನು ಕಂಡರೆ ಬೆಲೆಯನ್ನು ಇಳಿಸುವನೇ ಹೊರತು ಎಳೆಯನ್ನು ಕೂಡಿಸಲಾರನು. ನೇಕಾರನ ನೋಟಕ್ಕೆ ರೂಪಣಾತ್ಮಕ ಮೌಲ್ಯಮಾಪನವೆಂದೂ ವ್ಯಾಪಾರಿಯ ನೋಟಕ್ಕೆ ಸಂಕಲನಾತ್ಮಕ ಮೌಲ್ಯಮಾಪನವೆಂದೂ ಈಗಿನ ಶಿಕ್ಷಣಶಾಸ್ತ್ರದಲ್ಲಿ ಹೆಸರು; 1967ರಲ್ಲಿ ಮೈಕಲ್ ಸ್ಕ್ರಿವನ್ ಎಂಬವರು ಈ ಭೇದವನ್ನು ಮಾಡಿದರು. ಎರಡೂ ಬೇಕು. ಆದರೆ ನಮ್ಮ ಎಂ. ಎ. ತರಗತಿಗಳ ಆಂತರಿಕ ಅಂಕಗಳು ಬಹುಮಟ್ಟಿಗೆ ಹೆಸರಿಗೆ ಮಾತ್ರ ನೇಕಾರನ ನೋಟವಾಗಿರುತ್ತವೆ. ವಿದ್ಯಾರ್ಥಿಯು ಪ್ರಬಂಧವನ್ನು ಬರೆದುಕೊಡುವನು. ಅಂಕವು ಪಟ್ಟಿಗೆ ಏರುವದು. ಪ್ರಬಂಧದಲ್ಲಿ ಎಲ್ಲಿ ಎಳೆ ಹರಿದಿದೆಯೆಂಬದು ಅವನಿಗೆ ತಿಳಿಯುವದೇ ಇಲ್ಲ. ಆಸ್ಟ್ರೇಲಿಯಾದ ರಾಯ್ಸ್ ಸ್ಯಾಡ್ಲರ್ ಎಂಬವರು 1989ರಲ್ಲಿ ಹೇಳಿದಂತೆ, ಉತ್ತಮವಾದ ಕೃತಿಯು ಎಂಥದಿರಬೇಕೆಂಬ ಅರಿವು ವಿದ್ಯಾರ್ಥಿಗೆ ಇರಬೇಕು. ತನ್ನ ಕೃತಿಯನ್ನು ಅದರೊಡನೆ ಹೋಲಿಸಿ ನೋಡಬೇಕು. ಅಂತರವನ್ನು ತುಂಬುವ ಉಪಾಯವನ್ನೂ ಅವನು ಬಲ್ಲವನಾಗಬೇಕು. ಸ್ನಾತಕೋತ್ತರ ವಿದ್ಯಾರ್ಥಿಯು ನಾಳೆ ಗುರುವಿಲ್ಲದೆ ಸಂಶೋಧನೆಯನ್ನು ನಡೆಯಿಸತಕ್ಕವನು. ತನ್ನ ಬರಹದ ಗುಣದೋಷಗಳನ್ನು ತಾನೇ ಕಾಣುವ ಕಣ್ಣು ಅವನಿಗೆ ಬರದಿದ್ದರೆ ಪದವಿಯಿಂದ ಪ್ರಯೋಜನವೇನು?

ಈಗ ಈ ಪ್ರಶ್ನೆಯು ಇನ್ನಷ್ಟು ತೀವ್ರವಾಗಿದೆ. 2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಎಂಬ ಯಂತ್ರವು ಸಾರ್ವಜನಿಕರ ಕೈಗೆ ಬಂದಂದಿನಿಂದ, ಕೇಳಿದ ವಿಷಯದ ಮೇಲೆ ಅಚ್ಚುಕಟ್ಟಾದ ಪ್ರಬಂಧವು ಕ್ಷಣಮಾತ್ರದಲ್ಲಿ ಸಿದ್ಧವಾಗುತ್ತದೆ. ಮನೆಯಲ್ಲಿ ಬರೆದು ತಂದ ಹಾಳೆಯು ಯಾರ ಕಲಿಕೆಗೆ ಸಾಕ್ಷಿಯೆಂದು ಹೇಳುವದು ಕಠಿಣವಾಗಿದೆ. ಯಂತ್ರವನ್ನು ಶಪಿಸುತ್ತ ಕೂಡ್ರುವದರಿಂದ ಫಲವಿಲ್ಲ. ಬರೆದವನನ್ನು ಎದುರಿಗೆ ಕೂಡ್ರಿಸಿಕೊಂಡು, "ಈ ಮಾತನ್ನು ಏತಕ್ಕೆ ಹೇಳಿದೆ? ಇದಕ್ಕೆ ವಿರೋಧವಾಗಿ ಹೇಳುವವರಿಗೆ ನಿನ್ನ ಉತ್ತರವೇನು?" ಎಂದು ಕೇಳಿದರೆ ಅರ್ಧ ಗಳಿಗೆಯಲ್ಲಿ ನಿಜವು ತಿಳಿಯುವದು.

ಆದರೆ ಬಾಯಿಮಾತಿನ ಪರೀಕ್ಷೆಗೂ ದೋಷಗಳುಂಟು. ವಾಚಾಳಿಯು ಗೆಲ್ಲುವದು, ಸಂಕೋಚಸ್ವಭಾವದವರು ಸೋಲುವದು, ಪರೀಕ್ಷಕರ ಪಕ್ಷಪಾತ, ಇವೆಲ್ಲ ಅಲ್ಲಿ ನುಸುಳಬಹುದು. ಹೆಸರಿಲ್ಲದ, ಕೇವಲ ಸಂಖ್ಯೆಯಿರುವ ಉತ್ತರಪತ್ರಿಕೆಯು ಬಡವನ ಮಗನಿಗೂ ಹಳ್ಳಿಯ ಹೆಣ್ಣುಮಗಳಿಗೂ ಮಾಡಿದ ಉಪಕಾರವನ್ನು ನಾವು ಮರೆಯಲಾಗದು. ಆದುದರಿಂದ ಲಿಖಿತ ಪರೀಕ್ಷೆಯನ್ನು ಉಳಿಸಿಕೊಂಡೇ ಅದರ ಬೆನ್ನಿಗೆ ವಾಕ್ಯಾರ್ಥವನ್ನು ಜೋಡಿಸತಕ್ಕದ್ದು.

ಕೊನೆಯದಾಗಿ ಸನ್ನಿಧಿಯಲ್ಲಿ ಒಂದು ವಿಜ್ಞಾಪನೆ. ಭಕ್ತರು ಕೊಡಮಾಡಿದ ಬಂಗಾರದ ಪದಕಗಳನ್ನು ಈವರೆಗೆ ಅಂಕಪಟ್ಟಿಯೊಂದನ್ನೇ ನೋಡಿ ಕೊಡಲಾಗುತ್ತಿದೆ. ಮುಂದಿನ ವರ್ಷದಿಂದ, ಅಂಕಗಳಲ್ಲಿ ಮುಂದಿರುವ ಐವರನ್ನು ಕರೆಯಿಸಿ, ಅವರವರ ಪ್ರಬಂಧದ ಮೇಲೆ ಮೂವರು ವಿದ್ವಾಂಸರ ಮುಂದೆ ವಾಕ್ಯಾರ್ಥವನ್ನು ನಡೆಯಿಸಬೇಕು. ಯಾವ ಗುಣಗಳನ್ನು ನೋಡಲಾಗುವದೆಂಬದನ್ನು ಮೊದಲೇ ಬರೆದು ತಿಳಿಸಬೇಕು. ಎಲ್ಲರಿಗೂ ಸಮಾನವಾದ ಕಾಲವನ್ನು ಕೊಡಬೇಕು. ಪದಕವು ಒಬ್ಬರಿಗೇ ಸಲ್ಲಲಿ. ಆದರೆ ಐವರಿಗೂ ಅವರ ಕೃತಿಯ ಗುಣವನ್ನೂ ಕೊರತೆಯನ್ನೂ ತಿದ್ದುವ ಬಗೆಯನ್ನೂ ಬರೆದುಕೊಡಬೇಕು. ಪದಕವಿಲ್ಲದೆ ಮರಳುವ ನಾಲ್ವರೂ ಬರಿಗೈಯಲ್ಲಿ ಹೋಗಬಾರದು.

ತಂದೆತಾಯಿಗಳಲ್ಲಿಯೂ ಒಂದು ಬೇಡಿಕೆ. ಮಕ್ಕಳು ರಜೆಗೆ ಊರಿಗೆ ಬಂದಾಗ ಅಂಕಗಳನ್ನು ಅಗತ್ಯವಾಗಿ ಕೇಳಿರಿ. ಅದರ ಜೊತೆಗೆ, "ನೀನು ಓದುತ್ತಿರುವದನ್ನು ನಮಗೆ ತಿಳಿಯುವಂತೆ ಹೇಳು" ಎಂದೂ ಕೇಳಿರಿ. ಒಕ್ಕಲುತನದ ತಂದೆಗೆ ತನ್ನ ವಿಷಯದ ತಿರುಳನ್ನು ತಾಯ್ನುಡಿಯಲ್ಲಿ ಬಿಡಿಸಿ ಹೇಳಬಲ್ಲ ಮಗನು, ಮಗಳು, ಆ ವಿಷಯವನ್ನು ಕಲಿತಂತೆಯೇ ಸರಿ. ತಡವರಿಸಿದರೆ ಬೈಯಬೇಡಿರಿ, ಎಲ್ಲಿ ತಡವರಿಸಿದರೋ ಅಲ್ಲಿಂದಲೇ ಅವರ ಮುಂದಿನ ಓದು ಮೊದಲಾಗಬೇಕು.