ಹಕ್ಕಲಾಯುವ ಮೂವರು
(ತೆನೆಹಬ್ಬದ ಪ್ರಬೋಧನೆ)



ಇಂದು ಮಾತೆ ಮರಿಯಮ್ಮನವರ ಜನ್ಮೋತ್ಸವ. ಆಶೀರ್ವದಿಸಿದ ಹೊಸ ತೆನೆ ನಿಮ್ಮ ಕೈಯಲ್ಲಿದೆ. ನನಗಾದರೋ ಕೊಯ್ಯುವಾಗ ನೆಲಕ್ಕೆ ಬಿದ್ದುಹೋದ ತೆನೆಯ ಬಗ್ಗೆ ಮಾತನಾಡಬೇಕೆನಿಸಿದೆ.

ಫ್ರಾನ್ಸ್ ದೇಶದ ಝಾನ್ ಫ್ರಾನ್ಸ್ವಾ ಮಿಲೆ ಎಂಬ ಕಲಾವಿದನ ಒಂದು ಚಿತ್ರವಿದೆ. 1857ರಲ್ಲಿ ಪ್ರದರ್ಶನಕ್ಕಿಟ್ಟದ್ದು. 'ಹಕ್ಕಲಾಯುವವರು' ಎಂದು ಅದರ ಹೆಸರು. ಮಿಲೆ ನಾರ್ಮಂಡಿಯ ರೈತನ ಮಗ. ಹೊಲದ ಕೆಲಸ ಮಾಡಿ ಬೆಳೆದವನು. ಚಿತ್ರದಲ್ಲಿ ಗೋದಿಯ ಕೊಯ್ಲು ಮುಗಿದಿದೆ. ಕೂಳೆಗಳ ನಡುವೆ ಮೂವರು ಬಡ ಹೆಂಗಸರು. ಇಬ್ಬರು ಪೂರ್ತಿ ಬಗ್ಗಿ ತೆನೆ ಹೆಕ್ಕುತ್ತಿದ್ದಾರೆ, ಮೂರನೆಯವಳು ಅರ್ಧ ಬಗ್ಗಿದ್ದಾಳೆ. ಒಬ್ಬಳ ಕೈ ಬೆನ್ನ ಮೇಲಿದೆ. ದಿನವಿಡೀ ನೇಜಿ ನೆಟ್ಟವರಿಗೆ ಆ ಕೈ ಅಲ್ಲೇಕಿದೆ ಎಂದು ವಿವರಿಸಬೇಕಾಗಿಲ್ಲ. ದೂರದಲ್ಲಿ, ಬಂಗಾರದಂಥ ಬೆಳಕಿನಲ್ಲಿ, ದೊಡ್ಡ ದೊಡ್ಡ ಬಣವೆಗಳು, ಹೇರಿದ ಗಾಡಿ, ಆಳುಗಳ ಗುಂಪು. ಬಲತುದಿಯಲ್ಲಿ ಕುದುರೆಯೇರಿದ ಒಬ್ಬ ಮೇಲ್ವಿಚಾರಕ.

ಚಿತ್ರ ಕಂಡು ಪ್ಯಾರಿಸ್ಸಿನ ಸಿರಿವಂತರಿಗೆ ಕಸಿವಿಸಿಯಾಯಿತು. 1848ರ ಕ್ರಾಂತಿ ಮುಗಿದು ಒಂಬತ್ತೇ ವರ್ಷವಾಗಿತ್ತು. ಒಬ್ಬ ವಿಮರ್ಶಕನಿಗೆ ಈ ಹೆಂಗಸರ ಹಿಂದೆ ದಂಗೆಯ ಈಟಿಗಳೂ 1793ರ ವಧಾವೇದಿಕೆಗಳೂ ಕಂಡವಂತೆ! ಪಾಪ, ಅವರ ಕೈಯಲ್ಲಿ ಒಂದು ಕುಡುಗೋಲೂ ಇಲ್ಲ. ಮಿಲೆ ಚಿತ್ರವನ್ನು 3,000 ಫ್ರಾಂಕಿಗೆ ಮಾರಿದ. ಅವನು ತೀರಿಕೊಂಡ ಮೇಲೆ, 1889ರಲ್ಲಿ, ಅದಕ್ಕೇ 3 ಲಕ್ಷ ಫ್ರಾಂಕ್ ಬಂತು.

ಹಕ್ಕಲಾಯುವುದು ಭಿಕ್ಷೆಯಲ್ಲ. ಯಾಜಕಕಾಂಡದಲ್ಲಿ ದೇವರು ಹೊಲದ ಒಡೆಯನಿಗೇ ಆಜ್ಞೆ ಕೊಡುತ್ತಾರೆ: ಅಂಚಿನವರೆಗೂ ಕೊಯ್ಯಬೇಡ, ಬಿದ್ದದ್ದನ್ನು ಹೆಕ್ಕಬೇಡ, ಅದು ಬಡವರದು, ಪರದೇಶಿಗಳದು. ಕೊಡು ಎಂದಿಲ್ಲ, ಬಿಡು ಎಂದಿದ್ದಾರೆ. ಹಬ್ಬದ ದಿನ ನಾವು ದಾನ ಕೊಡುತ್ತೇವೆ, ಒಳ್ಳೆಯದೇ. ಆದರೆ ಕೊಡುವಾಗ ನಮ್ಮ ಕೈ ಮೇಲಿರುತ್ತದೆ. ನಮ್ಮದಲ್ಲದ್ದನ್ನು ಬಿಟ್ಟುಕೊಡುವುದು ಅದಕ್ಕಿಂತ ಕಷ್ಟ. ಕೂಲಿಯಲ್ಲಿ ನಾಲ್ಕು ರೂಪಾಯಿ ಹಿಡಿದುಕೊಂಡು ಕಾಣಿಕೆ ಡಬ್ಬಿಗೆ ಹತ್ತು ಹಾಕುವವರು ನಮ್ಮಲ್ಲೂ ಇದ್ದೇವೆ.

ಈಗತಾನೆ ಓದಿದ ಶುಭಸಂದೇಶದ ವಂಶಾವಳಿಯಲ್ಲಿ ರೂತಳ ಹೆಸರು ಬಂತು. ಅಷ್ಟುದ್ದದ ಹೆಸರುಗಳ ಸಾಲಿನಲ್ಲಿ ನೀವು ಗಮನಿಸಿರಲಿಕ್ಕಿಲ್ಲ. ಮೋವಾಬ್ ನಾಡಿನ ವಿಧವೆ. ಅತ್ತೆಯನ್ನು ಸಾಕಲು ಬೆತ್ಲೆಹೇಮಿನ ಹೊಲದಲ್ಲಿ ಹಕ್ಕಲಾಯ್ದವಳು. ಆ ಹೊಲದ ಒಡೆಯ ಬೋವಜ ಅವಳು ಯಾರೆಂದು ವಿಚಾರಿಸಿದ, ಊಟಕ್ಕೆ ಕರೆದ. ಅವಳಿಗೆ ಸಿಗಲೆಂದು ಬೇಕೆಂದೇ ಸಿವುಡಿನಿಂದ ತೆನೆಗಳನ್ನು ಉದುರಿಸಿರಿ ಎಂದು ಆಳುಗಳಿಗೆ ಹೇಳಿದ. ಅವರ ಮರಿಮಗ ದಾವೀದ. ಆ ವಂಶದಲ್ಲೇ ಮರಿಯಮ್ಮನವರ ಮಗ ಹುಟ್ಟಿದರು.

ಮಿಲೆ ಈ ಕಥೆಯನ್ನು ಬಲ್ಲವನೇ. 1853ರಲ್ಲಿ ಅವನು ಪ್ರದರ್ಶಿಸಿದ ಇನ್ನೊಂದು ಚಿತ್ರದಲ್ಲಿ ಬೋವಜ ರೂತಳನ್ನು ಊಟಕ್ಕೆ ಕುಳಿತ ಕೊಯ್ಲಿನವರ ಬಳಿಗೆ ಕರೆತರುತ್ತಾನೆ. ಅವಳು ನಾಚಿ ನಿಂತಿದ್ದಾಳೆ. ನಾಲ್ಕು ವರ್ಷಗಳ ಮೇಲೆ ಬರೆದ ಚಿತ್ರದಲ್ಲಿ ಬೋವಜನಿಲ್ಲ. ಕುದುರೆಯ ಮೇಲಿನವನು ಅಷ್ಟು ದೂರದಲ್ಲೇ ಇದ್ದಾನೆ. ಈ ಮೂವರು ಯಾರೆಂದು ಅವನಿನ್ನೂ ವಿಚಾರಿಸಿಲ್ಲ.