ರೇಟು ಏರಿತು, ಆವಕ ಎಷ್ಟು?

ಈ ಭಾಷಣ ಮಾಲಿಕೆಗೆ ಬರುವ ಪತ್ರಗಳಲ್ಲಿ ಪಿಯು ಮಕ್ಕಳ ತಂದೆತಾಯಂದಿರ ಒಂದು ಅಳಲು ಮತ್ತೆ ಮತ್ತೆ ಕಾಣುತ್ತದೆ. ಅರ್ಥಶಾಸ್ತ್ರದ ಮೇಷ್ಟ್ರು ಪುಸ್ತಕ ಬದಿಗಿಟ್ಟು ಪೇಪರ್ ಓದಿಸುತ್ತಾರೆ. ಪೇಪರಿನಲ್ಲಿರುವುದು ಪುಸ್ತಕಕ್ಕೆ ಹೊಂದುವುದೇ ಇಲ್ಲ. ಪರೀಕ್ಷೆಯಲ್ಲಿ ಮಕ್ಕಳು ಏನು ಬರೆಯಬೇಕು? ದಂಡಿನಶಿವರದ ಕಡೆಯಿಂದ ಬಂದ ಪ್ರಶ್ನೆ ಇನ್ನೂ ನೇರವಾಗಿತ್ತು. ಬೆಲೆ ಏರಿದರೆ ಪೂರೈಕೆ ಹೆಚ್ಚುತ್ತದೆ ಎನ್ನುತ್ತದೆ ಪಠ್ಯ. ತಿಪಟೂರಿನಲ್ಲಿ ಕೊಬ್ಬರಿಗೆ ಬಂಗಾರದ ಬೆಲೆ ಬಂದ ವರ್ಷವೇ ಅಟ್ಟಗಳು ಖಾಲಿಯಿದ್ದವು. ಇದರಲ್ಲಿ ಯಾವುದು ಸುಳ್ಳು?

ಯಾವುದೂ ಸುಳ್ಳಲ್ಲ. ಹಾಗೆ ಕೇಳಿದ ಮಗು ಪಾಠದ ಬಾಗಿಲಿಗೇ ಬಂದು ನಿಂತಿದೆ.

2023ರಲ್ಲಿ ಉಂಡೆ ಕೊಬ್ಬರಿಗೆ ಕೇಂದ್ರ ಸರ್ಕಾರ ಗೊತ್ತುಮಾಡಿದ್ದ ಬೆಂಬಲ ಬೆಲೆ ಕ್ವಿಂಟಲಿಗೆ 11,750 ರೂಪಾಯಿ. ಮಾರುಕಟ್ಟೆಯಲ್ಲಿ ರೈತರ ಕೈಗೆ ಬಂದದ್ದು ಅದಕ್ಕಿಂತ ಸಾವಿರಾರು ರೂಪಾಯಿ ಕಡಿಮೆ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳಲ್ಲಿ ಪ್ರತಿಭಟನೆಗಳಾದವು. 2024ಕ್ಕೆ ಬೆಂಬಲ ಬೆಲೆ 12,000 ಆಯಿತು, ರಾಜ್ಯ ಸರ್ಕಾರ ಅದರ ಮೇಲೆ 1,500 ಸೇರಿಸಿತು. 2025ಕ್ಕೆ ಕೇಂದ್ರ ಏರಿಸಿದ್ದು ಬರೀ ನೂರು ರೂಪಾಯಿ. ಆದರೆ ಅದೇ 2025ರಲ್ಲಿ ಮಾರುಕಟ್ಟೆ ದರ ತಾನಾಗಿಯೇ 20 ಸಾವಿರ ದಾಟಿತು. ಬೆಂಬಲ ಬೆಲೆಯ ಮಾತೇ ಯಾರಿಗೂ ಬೇಡವಾಯಿತು.

ಏಕೆ? ವರ್ತಕರು ಆಡಿಸಿದರು ಎಂಬ ಉತ್ತರ ಜಗಲಿ ಜಗಲಿಯಲ್ಲೂ ಸಿಗುತ್ತದೆ. ಈ ಭಾಷಣಕಾರನಿಗೆ ಅದನ್ನು ಕೇಳಿ ಕೇಳಿ ಸಾಕಾಗಿದೆ. ಬೆಲೆ ಬಿದ್ದಾಗಲೂ ವರ್ತಕರೇ ಕಾರಣ, ಎದ್ದಾಗಲೂ ಅವರೇ ಕಾರಣ ಎಂದರೆ ವಿದ್ಯಾರ್ಥಿ ಕಲಿತದ್ದೇನು? ಉತ್ತರ ಮರದ ಮೇಲಿದೆ. ಹೊಂಬಾಳೆ ಒಡೆದು ಕಾಯಿ ಬಲಿಯಲು ಹೆಚ್ಚುಕಡಿಮೆ ಒಂದು ವರ್ಷ ಬೇಕು. ಆ ಕಾಯಿ ಅಟ್ಟವೇರಿ, ಒಳಗಿನ ನೀರು ಇಂಗಿ, ಗಿಟುಕು ಚಿಪ್ಪಿನಿಂದ ಬಿಟ್ಟುಕೊಳ್ಳಲು ಮತ್ತೆ ಹತ್ತು ಹನ್ನೆರಡು ತಿಂಗಳು. ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಾಗ ಗಡಗಡ ಎಂದರೆ ಸುಲಿಯಲು ಹದ ಎಂದು ಈ ಸೀಮೆಯ ಮಕ್ಕಳಿಗೆ ಯಾರೂ ಹೇಳಿಕೊಡಬೇಕಿಲ್ಲ. 2023ರ ಮುಂಗಾರು ಕೈಕೊಟ್ಟು, ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತ ಎಂದು ಸಾರಿದ್ದರು. ಆ ವರ್ಷ ಉದುರಿಹೋದ ಹರಳು 2024ರಲ್ಲಿ ಕಾಯಾಗಲಿಲ್ಲ, 2025ರಲ್ಲಿ ಕೊಬ್ಬರಿಯಾಗಲಿಲ್ಲ. ಜೊತೆಗೆ ಗರಿಗೆ ಬಿಳಿನೊಣ, ಕಪ್ಪುತಲೆ ಹುಳು. ಉಳಿದದ್ದರಲ್ಲೂ ಒಂದು ಪಾಲು ಎಳನೀರಾಗಿ ಲಾರಿ ಹತ್ತಿತು.

ಹಾಗಾಗಿ ಬೆಲೆ ಏರಿದ್ದರಿಂದ ಮಾಲು ಕಡಿಮೆಯಾಗಲಿಲ್ಲ. ಮಾಲು ಕಡಿಮೆಯಾದದ್ದರಿಂದ ಬೆಲೆ ಏರಿತು. ಈ ಹಿಂದುಮುಂದನ್ನು ಬಿಡಿಸಿಕೊಳ್ಳದೆ ಮುಂದೆ ಹೋಗಬಾರದು. ಪಠ್ಯದ ನಿಯಮ ಹೇಳುವುದು, ಬೇರೆಲ್ಲ ಇದ್ದಂತೆಯೇ ಇದ್ದು ಬೆಲೆಯೊಂದೇ ಬದಲಾದರೆ ಏನಾಗುತ್ತದೆ ಎಂದು. ಅಲ್ಲಿ ಪೂರೈಕೆಯ ರೇಖೆ ನಿಂತಲ್ಲೇ ನಿಂತಿರುತ್ತದೆ, ನಾವು ಅದರ ಮೇಲೆ ಹತ್ತಿ ಇಳಿಯುತ್ತೇವೆ. ಬರ ಬಂದಾಗ ರೇಖೆಯೇ ಎಡಕ್ಕೆ ಸರಿಯುತ್ತದೆ. ಇನ್ನೂ ಸರಳವಾಗಿ ಹೇಳುವುದಾದರೆ: ಬೆಲೆ ಏರಿ ಆವಕವೂ, ಎಂದರೆ ಮಾರುಕಟ್ಟೆಗೆ ಬಂದ ಮಾಲೂ, ಏರಿದ್ದರೆ ಕೊಳ್ಳುವವರು ಹೆಚ್ಚಿದ್ದಾರೆ. ಬೆಲೆ ಏರಿ ಆವಕ ಇಳಿದಿದ್ದರೆ ಮಾಲೇ ಇಲ್ಲ. ಒಂದೇ ತಲೆಬರಹ, ಎರಡು ಬೇರೆ ಕಥೆ. ಯಾವ ಕಥೆ ಎಂದು ಹೇಳುವುದು ಆವಕದ ಅಂಕಿ. ಪೇಪರಿನಲ್ಲಿ ಅದು ಬಂದರೂ ಮೂಲೆಯಲ್ಲಿ, ಸಣ್ಣ ಅಕ್ಷರದಲ್ಲಿ ಬರುತ್ತದೆ.

ಇದು ತೆಂಗಿಗಷ್ಟೇ ಸೇರಿದ ಮಾತಲ್ಲ. ಹದಿನೇಳನೆಯ ಶತಮಾನದ ಇಂಗ್ಲೆಂಡಿನ ಗ್ರೆಗರಿ ಕಿಂಗ್ ಎಂಬಾತನ ಹೆಸರಿನ ಒಂದು ಲೆಕ್ಕವಿದೆ, 1699ರಲ್ಲಿ ಚಾರ್ಲ್ಸ್ ಡಾವನೆಂಟ್ ಅದನ್ನು ಅಚ್ಚು ಹಾಕಿಸಿದ. ಧಾನ್ಯದ ಬೆಳೆ ಹತ್ತರಲ್ಲಿ ಒಂದು ಪಾಲು ತಗ್ಗಿದರೆ ಬೆಲೆ ಹತ್ತರಲ್ಲಿ ಮೂರು ಪಾಲು ಏರುತ್ತದೆ. ಅರ್ಧಕ್ಕೆ ಅರ್ಧ ಬೆಳೆ ಹೋದರೆ ನಾಲ್ಕೂವರೆ ಪಟ್ಟು ಏರಿಕೆ. ತಿನ್ನುವ ವಸ್ತುವಿಗೆ ಕೊರತೆ ಬಿದ್ದಾಗ ಬೆಲೆ ನಡೆದು ಹೋಗುವುದಿಲ್ಲ, ಹಾರುತ್ತದೆ.

ಬೆಲೆ ಹಾರಿದರೆ ರೈತ ಗೆದ್ದ ಎನ್ನುವವರು ಒಂದು ಲೆಕ್ಕ ಹಾಕಬೇಕು. ಒಂದು ಮನೆಗೆ ಹತ್ತು ಕ್ವಿಂಟಲ್ ಕೊಬ್ಬರಿ ಆಗುತ್ತಿತ್ತು ಎನ್ನೋಣ. 9,000ದಂತೆ ಮಾರಿದರೆ 90 ಸಾವಿರ. ಬರದ ಪೆಟ್ಟಿಗೆ ಐದೇ ಕ್ವಿಂಟಲ್ ಆಯಿತು, 20 ಸಾವಿರದಂತೆ ಮಾರಿದರು. ಕೈಗೆ ಬಂದದ್ದು ಒಂದು ಲಕ್ಷ. ದರ ಇಮ್ಮಡಿಗಿಂತ ಹೆಚ್ಚಾಯಿತು, ಆದಾಯ ಹತ್ತು ಸಾವಿರ ಹೆಚ್ಚಿತು. ನಾಲ್ಕೇ ಕ್ವಿಂಟಲ್ ಆಗಿದ್ದರೆ? 80 ಸಾವಿರ, ಮೊದಲಿಗಿಂತ ಕಡಿಮೆ. ಇನ್ನು ಶಾಲೆಯ ಫೀಸಿಗೋ ಮದುವೆಗೋ ಅಟ್ಟ ಬರಿದು ಮಾಡಿ ಮೊದಲೇ ಮಾರಿದವರಿಗೆ ಈ ದರ ಸುದ್ದಿಯಾಗಿಯಷ್ಟೇ ಉಳಿಯಿತು. ಈ ಭಾಷಣಕಾರನ ಮನೆಯಲ್ಲೂ 2023ರಲ್ಲಿ ನಡೆದದ್ದು ಅದೇ. ದರ ಏರಿದ ದಿನ ಪೇಪರ್ ಓದಿ ಅವನಮ್ಮ ತಲೆಯೆತ್ತಿ ಬರಿದಾದ ಅಟ್ಟವನ್ನು ನೋಡಿದ್ದು ಇನ್ನೂ ಅವನ ಕಣ್ಣಿಗೆ ಕಟ್ಟಿದೆ.

ಬೆಂಬಲ ಬೆಲೆ, ಆಮದು ಸುಂಕ, ದಸರಾ ದೀಪಾವಳಿಗೆ ಉತ್ತರ ಭಾರತದಿಂದ ಬರುವ ಬೇಡಿಕೆ, ಇವನ್ನೆಲ್ಲ ಇಂದು ಹೇಳಬೇಕೆಂದಿತ್ತು. ಆವಕದ ಮಾತೇ ಹೊತ್ತು ತಿಂದಿತು. ಸುಂಕದ ಬಗ್ಗೆ ಇಷ್ಟು: 2024ರ ಸೆಪ್ಟೆಂಬರಿನಲ್ಲಿ ಕೇಂದ್ರ ಖಾದ್ಯ ತೈಲದ ಆಮದು ಸುಂಕ ಏರಿಸಿತು, 2025ರ ಮೇ ಕೊನೆಗೆ ತಾಳೆ ಎಣ್ಣೆಯೂ ಸೇರಿದಂತೆ ಕಚ್ಚಾ ಖಾದ್ಯ ತೈಲಗಳ ಮೂಲ ಸುಂಕವನ್ನು 20ರಿಂದ 10 ಪ್ರತಿಶತಕ್ಕೆ ಇಳಿಸಿತು. ತಾಳೆ ಎಣ್ಣೆಯ ಈ ಸುದ್ದಿಯನ್ನು ಕೊಬ್ಬರಿಯ ಸುದ್ದಿಯ ಪಕ್ಕದಲ್ಲಿಟ್ಟರೆ ಬದಲಿ ಸರಕುಗಳ ಅಧ್ಯಾಯ ಶುರುವಾಗುತ್ತದೆ.

ಮೇಷ್ಟ್ರುಗಳಲ್ಲಿ ಒಂದು ಕೋರಿಕೆ. ಒಂದೇ ದಿನದ ಸುದ್ದಿಯಿಂದ ಪಾಠ ಕಟ್ಟಬೇಡಿ. ಎಂಟು ವಾರ ಮಕ್ಕಳಿಂದ ನೋಟ್‌ಬುಕ್ಕಿನಲ್ಲಿ ಎರಡು ಸಾಲು ಬರೆಸಿ: ಎಪಿಎಂಸಿಯ ದರ, ಅದೇ ದಿನದ ಆವಕ. ದರ ಏರಲಿ ಎಂದು ಅಟ್ಟದಲ್ಲೇ ಇಟ್ಟುಕೊಂಡ ಮಾಲು ಆವಕದಲ್ಲಿ ಕಾಣುವುದಿಲ್ಲ. ಅದನ್ನು ಮಕ್ಕಳು ಮನೆಯಲ್ಲೇ ಕೇಳಿ ಬರಲಿ. ಪರೀಕ್ಷೆಯಲ್ಲಿ ಪೂರೈಕೆಯ ನಿಯಮ ಕೇಳಿದರೆ ಪುಸ್ತಕದಲ್ಲಿದ್ದಂತೆಯೇ ಬರೆಯಲಿ, ‘ಇತರ ಅಂಶಗಳು ಸ್ಥಿರವಾಗಿದ್ದಾಗ’ ಎಂಬ ಮಾತನ್ನು ಮಾತ್ರ ಬಿಡದಿರಲಿ. ಅಂಕ ಇರುವುದೂ ಅಲ್ಲೇ, ದಂಡಿನಶಿವರದ ಪತ್ರಕ್ಕೆ ಉತ್ತರ ಇರುವುದೂ ಅಲ್ಲೇ.