ಕಬ್ಬಿನ ತರಗಿನಿಂದ ಒಲೆ ಉರಿದೀತೇ?
(ಸುವರ್ಣ ಮಹೋತ್ಸವದ ಸಂದರ್ಭದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣ)



ಈ ಮಹೋತ್ಸವದ ನೆನಪಿಗೆ ಬಿಸಿಯೂಟದ ಅಡುಗೆಮನೆಗೊಂದು ಗೋಬರ್ ಗ್ಯಾಸ್ ಘಟಕ ಕಟ್ಟಿಸಬೇಕು, ಅದಕ್ಕೆ ಹಳೆಯ ವಿದ್ಯಾರ್ಥಿಗಳೇ ಹಣ ಕೂಡಿಸಬೇಕು ಎಂಬ ಮಾತು ನಡೆದಿದೆ. ಹತ್ತನೇ ತರಗತಿಯ ಹುಡುಗನೊಬ್ಬ ನನ್ನನ್ನು ಕೇಳಿದ: "ಸಾರ್, ಗದ್ದೆಯಲ್ಲಿ ಸುಡುವ ಕಬ್ಬಿನ ತರಗನ್ನೇ ಹಾಕಿದರೆ ಗ್ಯಾಸ್ ಬರುವುದಿಲ್ಲವೇ?" ಕೃಷಿ ಇಲಾಖೆಯಲ್ಲಿ ಕೆಲಸ ಮಾಡಿದವನು ನಾನು. ಆ ಪ್ರಶ್ನೆಗೆ ಈ ವೇದಿಕೆಯಿಂದಲೇ ಉತ್ತರ ಹೇಳುತ್ತೇನೆ.

ಬರುತ್ತದೆ, ಆದರೆ ಸುಲಭವಾಗಿ ಅಲ್ಲ. ಗಾಳಿಯಾಡದ ತೊಟ್ಟಿಯಲ್ಲಿ ಸೆಗಣಿ, ನೀರು ಕಲಸಿ ಬಿಟ್ಟರೆ ಸೂಕ್ಷ್ಮಜೀವಿಗಳು ಅದನ್ನು ತಿಂದು ಅನಿಲ ಬಿಡುತ್ತವೆ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಮೀಥೇನ್, ಉರಿಯುವುದು ಅದೇ. ಸೆಗಣಿಯ ಅನುಕೂಲ ಏನೆಂದರೆ, ಹುಲ್ಲನ್ನು ಅಗಿದು, ಮೆಲುಕು ಹಾಕಿ, ಅರ್ಧ ಜೀರ್ಣ ಮಾಡಿ, ಬೇಕಾದ ಜೀವಿಗಳನ್ನೂ ಬೆರೆಸಿ ಹಸು ನಮಗೆ ಕೊಟ್ಟಿರುತ್ತದೆ. ಒಣ ತರಗಿಗೆ ಆ ಭಾಗ್ಯವಿಲ್ಲ. ಅದರಲ್ಲಿರುವ ಲಿಗ್ನಿನ್ ಎಂಬ ಗಟ್ಟಿ ಅಂಶ ಈ ತೊಟ್ಟಿಯಲ್ಲಿ ಕರಗುವುದೇ ಇಲ್ಲ. ಸಾರಜನಕ ಕಡಿಮೆ, ಇಂಗಾಲ ವಿಪರೀತ. ಹಾಗೇ ಹಾಕಿದರೆ ಮೇಲೆ ತೇಲಿ, ಹೆಪ್ಪುಗಟ್ಟಿ, ಅನಿಲದ ದಾರಿಯನ್ನೇ ಮುಚ್ಚುತ್ತದೆ. ಸಣ್ಣಗೆ ಕತ್ತರಿಸಿ, ನೆನೆಸಿ, ಸೆಗಣಿಯ ಜೊತೆ ಸ್ವಲ್ಪ ಸ್ವಲ್ಪ ಕೊಡಬೇಕು. ನನ್ನನ್ನು ಕೇಳಿದರೆ ತರಗಿನ ಜಾಗ ಗದ್ದೆಯೇ. ಸುಡದೆ ಸಾಲಿನ ನಡುವೆ ಹೊದಿಸಿದರೆ ತೇವ ಉಳಿಯುತ್ತದೆ, ಕಳೆ ತಗ್ಗುತ್ತದೆ. ಬೆಂಕಿ ಹಾಕುವ ರೈತರು ಬೇಸರಪಟ್ಟುಕೊಂಡರೂ ಪರವಾಗಿಲ್ಲ, ಹೇಳಿದ್ದೇನೆ.

ಕಬ್ಬಿನಿಂದ ನಿಜವಾದ ಗ್ಯಾಸ್ ಬರುವುದು ಕಾರ್ಖಾನೆಯ ಹಿಂಬದಿಯಲ್ಲಿ. ಒಂದು ಟನ್ ಕಬ್ಬು ಅರೆದರೆ ಸುಮಾರು 300 ಕಿಲೋ ಸಿಪ್ಪೆ, 30ರಿಂದ 40 ಕಿಲೋ ಪ್ರೆಸ್ ಮಡ್ ಉಳಿಯುತ್ತದೆ. ಸಿಪ್ಪೆ ಬಾಯ್ಲರಿಗೆ ಹೋಗಿ ಹಬೆ, ವಿದ್ಯುತ್ ಆಗುತ್ತದೆ. ರಸ ಸೋಸಿದಾಗ ಉಳಿಯುವ ಕಪ್ಪು ಮಡ್ಡಿಯೇ ಪ್ರೆಸ್ ಮಡ್. ಅದು ಮೆತ್ತಗಿದ್ದು ಬೇಗ ಕೊಳೆಯುತ್ತದೆ. ವಾಹನಗಳಿಗೆ ಬಳಸುವ ಸಂಕುಚಿತ ಜೈವಿಕ ಅನಿಲವನ್ನು ಇದರಿಂದ ತಯಾರಿಸಲು ಉತ್ತೇಜನ ಕೊಡುವ 'ಸತತ್' ಯೋಜನೆಯನ್ನು ಕೇಂದ್ರ ಸರ್ಕಾರ 2018ರಲ್ಲಿ ಆರಂಭಿಸಿತು. ಅದು ಕೋಟಿಗಳ ಬಂಡವಾಳದ ಮಾತು, ನಮ್ಮ ಶಾಲೆಯ ಅಂಗಳದ್ದಲ್ಲ.

ನಮ್ಮ ಅಂಗಳದ ಲೆಕ್ಕ ಇಷ್ಟೇ. ಎರಡು ಘನ ಮೀಟರಿನ ಘಟಕಕ್ಕೆ ದಿನಕ್ಕೆ 50 ಕಿಲೋ ಸೆಗಣಿ ಬೇಕು, ಅಂದರೆ ಕೊಟ್ಟಿಗೆಯಲ್ಲಿ ಕಟ್ಟಿದ ನಾಲ್ಕೈದು ದನ. ಅದು ಸುಮಾರು 900 ಗ್ರಾಂ ಸಿಲಿಂಡರ್ ಅನಿಲಕ್ಕೆ ಸಮ, ಒಂದು ಸಣ್ಣ ಸಂಸಾರದ ಅಡುಗೆ. 14.2 ಕಿಲೋ ಸಿಲಿಂಡರ್ ಉಳಿಸಲು ಹದಿನಾರು ದಿನ ಬೇಕು. ನೂರಾರು ಮಕ್ಕಳ ಅನ್ನ, ಸಾಂಬಾರಿಗೆ ಇದು ಎಲ್ಲಿ ಸಾಕು? ಉಳಿದ ಅನ್ನ, ತರಕಾರಿ ಸಿಪ್ಪೆ ಸೇರಿಸಬಹುದು. ಕಿಲೋಗೆ ಅವು ಸೆಗಣಿಗಿಂತ ಹೆಚ್ಚೇ ಅನಿಲ ಕೊಡುತ್ತವೆ. ಆದರೆ ಒಮ್ಮೆಗೇ ಸುರಿದರೆ ತೊಟ್ಟಿ ಹುಳಿಯಾಗಿ ಅನಿಲ ನಿಲ್ಲುತ್ತದೆ.

ಇಲ್ಲಿ ತುಮಕೂರು ಜಿಲ್ಲೆ ಕುಣಿಗಲ್ ತಾಲ್ಲೂಕಿನ ಪುರ ಎಂಬ ಹಳ್ಳಿಯ ಕಥೆ ಹೇಳಲೇಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಅಮೂಲ್ಯ ಕೆ.ಎನ್. ರೆಡ್ಡಿಯವರು 1974ರಲ್ಲಿ 'ಅಸ್ತ್ರ' ಎಂಬ ಗ್ರಾಮೀಣ ತಂತ್ರಜ್ಞಾನ ಕೇಂದ್ರ ಕಟ್ಟಿದರು. ಅವರು ಪುರದಲ್ಲಿ ಊರಿಗೆಲ್ಲ ಒಂದೇ ಘಟಕ ಹಾಕಿ ಅಡುಗೆ ಅನಿಲ ಕೊಡಲು ಹೊರಟರು. ಸೆಗಣಿ ಸಾಕಾಗಲಿಲ್ಲ. ಜನರ ಜೊತೆ ಮತ್ತೆ ಕುಳಿತು ಮಾತಾಡಿದಾಗ ಊರಿಗೆ ಮೊದಲು ಬೇಕಾದದ್ದು ಕುಡಿಯುವ ನೀರು ಎಂದು ತಿಳಿಯಿತು. 1987ರಿಂದ ಅದೇ ಅನಿಲದಲ್ಲಿ, ಜೊತೆಗೆ ಸ್ವಲ್ಪ ಡೀಸೆಲ್ ಸೇರಿಸಿ, 5 ಕಿಲೋವ್ಯಾಟಿನ ಎಂಜಿನ್ ಓಡಿತು. ಕೊಳವೆಬಾವಿಯ ನೀರು ನಲ್ಲಿಗೆ ಬಂತು, ಮನೆಗಳಲ್ಲಿ ದೀಪ ಉರಿಯಿತು. ತಂದ ಸೆಗಣಿಯನ್ನು ತೂಗಿ ಕಾಸು ಕೊಡುತ್ತಿದ್ದರು, ಬಗ್ಗಡವನ್ನು ಗೊಬ್ಬರಕ್ಕೆ ವಾಪಸು ಕೊಡುತ್ತಿದ್ದರು. ವರ್ಷಗಟ್ಟಲೆ ನಡೆದು ಕೊನೆಗೆ ಅದೂ ನಿಂತಿತು. ಆದರೆ ನಡೆದಷ್ಟು ಕಾಲ ನಡೆದದ್ದು ಸೆಗಣಿ ಯಾರದು, ನೀರು ಯಾರಿಗೆ ಎಂಬ ಲೆಕ್ಕ ಊರವರಿಗೆ ಸ್ಪಷ್ಟವಾಗಿದ್ದುದರಿಂದ ಎಂದು ನಾನು ತಿಳಿದಿದ್ದೇನೆ.

ಆದ್ದರಿಂದ ಹಣ ಕೂಡಿಸುವ ಮೊದಲು ನನ್ನ ಪ್ರಶ್ನೆಗಳಿಗೆ ಉತ್ತರ ಬೇಕು. ವಿಮಾನ ನಿಲ್ದಾಣ ಬಂದ ಮೇಲೆ ಊರಿನ ಸುತ್ತ ಹೊಲ ಹೋಗಿ ಲೇಔಟ್ ಏಳುತ್ತಿರುವಾಗ, ದಿನವೂ ಸೆಗಣಿ ಕೊಡುವ ಮನೆಗಳು ಯಾವುವು? ಭಾನುವಾರ, ದಸರಾ ರಜೆ, ಬೇಸಿಗೆ ರಜೆಯಲ್ಲಿ ತೊಟ್ಟಿಗೆ ಉಣಿಸುವವರು ಯಾರು? ಆ ದಿನಗಳ ಅನಿಲ ಯಾರ ಒಲೆಗೆ? ಅದನ್ನು ಸುಮ್ಮನೆ ಹೊರಬಿಡುವಂತಿಲ್ಲ. ಮೀಥೇನ್ ಇಂಗಾಲದ ಡೈಆಕ್ಸೈಡಿಗಿಂತ ಎಷ್ಟೋ ಪಟ್ಟು ಹೆಚ್ಚು ಭೂಮಿಯನ್ನು ಕಾಯಿಸುತ್ತದೆ. ಅಡುಗೆ ಮಾಡುವ ಅಕ್ಕಂದಿರನ್ನು ಇದುವರೆಗೆ ಯಾರಾದರೂ ಕೇಳಿದ್ದೀರಾ? ಸೆಗಣಿ ಕಲಸುವ ಕೆಲಸವೂ ಅವರ ತಲೆಗೇ ಬೀಳುವುದಾದರೆ ನಾನು ಒಪ್ಪುವುದಿಲ್ಲ.

ಐದು ಮನೆಯವರು ಹೆಸರು ಕೊಟ್ಟು, ರಜೆಯ ದಿನಗಳಲ್ಲಿ ಹತ್ತಿರದ ಒಂದು ಮನೆ ಆ ಅನಿಲ ಬಳಸಿ ತೊಟ್ಟಿ ನೋಡಿಕೊಳ್ಳುವುದಾದರೆ, ಸಾರು ಕಾಯಿಸಲು, ಹಾಲು ಬಿಸಿ ಮಾಡಲು ಸಣ್ಣ ಘಟಕ ಖಂಡಿತ ಆಗುತ್ತದೆ. ಒಂಬತ್ತನೇ ತರಗತಿಯವರು ದಿನದ ಸೆಗಣಿ, ದಿನದ ಅನಿಲ ಬರೆದಿಡಲಿ. ಆ ಐದು ಹೆಸರು ಸಿಕ್ಕಿದ ದಿನ ಇಟ್ಟಿಗೆ, ಸಿಮೆಂಟಿನ ಖರ್ಚು ನನ್ನದು. ಪಟ್ಟಿಯನ್ನು ಮುಖ್ಯ ಶಿಕ್ಷಕರ ಹತ್ತಿರ ಕೊಡಿ.